ಭಾಲ್ಕಿಗೆ ಬಾರದ ಕಾಗದ

ಆ ದಿನ ಮಧ್ಯಾಹ್ನ ಔರಾದದ ಮನೆಯ ಬಾಗಿಲಲ್ಲಿ ವೈಜಿನಾಥ ಬಂದು ನಿಂತಾಗ ಸುಂದರಬಾಯಿಗೆ ಮೊದಲು ಆದದ್ದು ಸಂತೋಷವೇ.

'ಇಷ್ಟು ಜಲ್ದಿ ಬಂದ್ರಾ...! ಅಕ್ಕ ತಡೀಲಾರದ ಇವರನ್ನ ಅವ್ವನ ಮುಂದ ಕಳಿಸೇ ಬಿಟ್ಟಳೇನು?'

ಮೊರದಲ್ಲಿದ್ದ ತೊಗರಿಯನ್ನು ಹಾಗೆಯೇ ಬಿಟ್ಟು ಅವಳು ಒಳಗೆ ಓಡಿದಳು. ಸೆರಗು ಸರಿಮಾಡಿಕೊಂಡಳು. ತಂಬಿಗೆಯಲ್ಲಿ ನೀರು ತುಂಬಿ, ಬಟ್ಟಲಲ್ಲಿ ಬೆಲ್ಲದ ತುಣುಕು ಇಟ್ಟಳು.

ಹೊರಗೆ ತಾಯಿ ಸುಭದ್ರಾಬಾಯಿಯ ದನಿ ಕೇಳಿಸಿತು. "ಯಾರಪ್ಪಾ ನೀ? ಬಿಸಿಲಾಗ ಯಾಕ ನಿಂತಿ? ಒಳಗ ಬಾ."

"ಅವ್ವಾ, ಅವರು ಬೀದರದವರು..." ಸುಂದರಬಾಯಿ ತಂಬಿಗೆ ಹಿಡಿದು ಬಂದಳು. "ಡಾಕ್ಟರ್ ಫಕ್ರೋದ್ದೀನ ಸಾಹೇಬರ ದವಾಖಾನಿದಾಗ ಕೆಲಸ ಮಾಡ್ತಾರ. ವೈಜಿನಾಥ ಅಂತ."

ಅವನು ಹೊಸ್ತಿಲು ದಾಟಲಿಲ್ಲ. ನೀರಿಗೆ ಕೈ ಚಾಚಲಿಲ್ಲ.

ಸುಭದ್ರಾಬಾಯಿ ವಯಸ್ಸಾದವಳು. ಬಿಸಿಲಲ್ಲಿ ಬಂದವನು ನೀರು ಮುಟ್ಟದೆ ನಿಂತರೆ ಅದರ ಅರ್ಥವೇನೆಂದು ಅವಳಿಗೆ ಗೊತ್ತಿತ್ತು.

"ಯಾರು...?" ಎಂದಳು.

ವೈಜಿನಾಥ ತಲೆ ತಗ್ಗಿಸಿದ. "ಸುಮಿತ್ರಾಬಾಯಿಯವರಿಗೆ ದಿನ ತುಂಬೂದಕ್ಕ ಹದಿನೈದು ದಿನ ಮೊದಲೇ ಹೆರಿಗಿ ಬ್ಯಾನಿ ಬಂತ್ರಿ. ಅವರ ಯಜಮಾನರು ಹಾವಗೆಪ್ಪನವರು ಭಾಲ್ಕಿಗೆ ಕರಕೊಂಡು ಬಂದ್ರು. ನಾನೂ ಅಲ್ಲೇ ಇದ್ದೆ. ಹೆರಿಗಿ ಆಯ್ತು. ಕೂಸು ಆರಾಮ ಅದ, ಹೆಣ್ಣು ಕೂಸು. ಆದ್ರ ರಕ್ತ ನಿಲ್ಲಲಿಲ್ಲ. ನಿನ್ನಿ ಸಂಜೀಕ... ಲಿಂಗೈಕ್ಯ ಆದರು."

ತಂಬಿಗೆ ಸುಂದರಬಾಯಿಯ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಬೇಕೆಂಬುದೂ ಅವಳಿಗೆ ತೋಚಲಿಲ್ಲ.

ಅಕ್ಕ! ಬಾಣಂತನಕ್ಕೆ ಅವ್ವನನ್ನು ಕರೆತರಲೆಂದು ತಾನು ರಜೆ ಹಾಕಿ ಬಂದು ಇನ್ನೂ ಮೂರು ದಿನ ಆಗಿಲ್ಲ. "ಹೋಗಿ ಬಾ, ನಾ ಎಲ್ಲಿ ಓಡಿ ಹೋಗ್ತೇನಿ?" ಎಂದು ನಕ್ಕಿದ್ದ ಅಕ್ಕ!

"ನೀವಿದ್ದಿರಲ್ಲ!" ಅವಳು ಕೂಗಿದಳು. "ನಿಮ್ಮ ರಬ್ಬರ್ ನಳಿ ಇದ್ದವಲ್ಲ! ರಕ್ತ ಕೊಡಲಿಲ್ಲೇನು?"

"ಹಾವಗೆಪ್ಪನವರ ರಕ್ತ ಅವರ ರಕ್ತಕ್ಕ ಕೂಡ್ತಿತ್ತು. ಅವರ ತೋಳಿನಿಂದ ತೆಗೆದು ಕೊಡ್ಲಾಕ ಹೋದೆವ್ರಿ. ನಳಿದಾಗ ಹೆಪ್ಪುಗಟ್ಟಿತು. ಮೂರು ನಳಿ ಇದ್ದವು. ಮೂರರಾಗೂ..." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಆ ನಳಿ ನಾನೇ ಮಾಡಿದ್ದು. ತಪ್ಪು ನಂದು."

ಸುಭದ್ರಾಬಾಯಿ ನೆಲಕ್ಕೆ ಕುಸಿದಳು. ಆಮೇಲೆ ಆ ಸಾಧ್ವಿಯ ಬಾಯಲ್ಲಿ ಯಾವತ್ತೂ ಬಾರದ ಮಾತು ಬಂತು.

"ನಿನ್ನ ಕೈ ಸೇದಿ ಹೋಗ್ಲಿ! ನನ್ನ ಮಗಳನ್ನ ತಿಂದ ಕೈ ಅದು!"

ಅವನು ಅದನ್ನು ನಿಂತು ಕೇಳಿದ. ತಲೆ ಎತ್ತಲಿಲ್ಲ.

"ಹೋಗ್ರಿ," ಎಂದಳು ಸುಂದರಬಾಯಿ. "ಇನ್ನ ಯಾವತ್ತೂ ನಿಮ್ಮ ಮಾರಿ ನನಗ ತೋರಿಸಬ್ಯಾಡ್ರಿ."

* * *

ಸುಂದರಬಾಯಿ ಭಾಲ್ಕಿಯ ಹೆರಿಗೆ ಮನೆಯಲ್ಲಿ ನರ್ಸ್. ಊರಿನ ವ್ಯಾಪಾರಿಗಳು ಕೂಡಿ ಕಟ್ಟಿಸಿದ, ಹನ್ನೆರಡು ಮಂಚದ ಚಿಕ್ಕ ಆಸ್ಪತ್ರೆ ಅದು. ಡಾಕ್ಟರ್ ರುಕ್ಮಿಣಿಬಾಯಿ ಅದರ ಯಜಮಾನಿ. ಆಯಾ ಸತ್ಯಮ್ಮ ಅದರ ಬಾಯಿ.

ವೈಜಿನಾಥ ಅಲ್ಲಿಗೆ ಮೊದಲು ಬಂದದ್ದು ಆ ವರ್ಷದ ಬೇಸಿಗೆಯಲ್ಲಿ, ಒಂದು ತಗಡಿನ ಡಬ್ಬಿ ಹಿಡಿದುಕೊಂಡು.

ಮೈಯ ರಕ್ತ ಹೋದವರಿಗೆ ಮತ್ತೊಬ್ಬರ ರಕ್ತ ಕೊಡುವುದು ಆಗ ಈ ಕಡೆಗೆ ಹೊಸತು. ರಕ್ತ ಹೆಪ್ಪುಗಟ್ಟದಂತೆ ಸೀಸೆಯಲ್ಲಿ ಹಾಕುವ ಔಷಧ ಹೈದರಾಬಾದಿನಿಂದ ಬರಬೇಕು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಬೀದರಿನ ಫಕ್ರೋದ್ದೀನ ಸಾಹೇಬರು ಬೇರೆ ದಾರಿ ಹುಡುಕಿದ್ದರು. ಸಿಲಿಕೋನ್ ಎಂಬ ಎಣ್ಣೆಯನ್ನು ತರಿಸಿ, ರಬ್ಬರ್ ನಳಿಕೆಗಳ ಒಳಮೈಗೆ ಅದರ ತೆಳುವಾದ ಲೇಪ ಕೊಟ್ಟು ಕಾಸುವುದನ್ನು ವೈಜಿನಾಥನಿಗೆ ಕಲಿಸಿದ್ದರು.

"ಎಣ್ಣಿ ಹಚ್ಚಿದ ನಳಿ ನಮ್ಮಲ್ಲಿ ನಡೆಯಂಗಿಲ್ಲರಿ," ಎಂದಿದ್ದಳು ಸುಂದರಬಾಯಿ, ಡಬ್ಬಿಯನ್ನು ಮುಟ್ಟದೆಯೇ.

"ಇದು ಜಿಡ್ಡಿನ ಎಣ್ಣಿ ಅಲ್ರಿ ಬಾಯಿಯವರ. ಮುಟ್ಟಿ ನೋಡ್ರಿ, ಕೈಗೆ ಹತ್ತಂಗಿಲ್ಲ."

"ಹಚ್ಚಿ ಏನು ಫಾಯದಾ?"

"ರಕ್ತಕ್ಕ ತನ್ನ ಮನಿ ಗೊತ್ತಿರ್ತದ್ರಿ. ನರದಾಗ ಇದ್ದಷ್ಟು ಹೊತ್ತು ಸುಮ್ಮನ ಓಡಾಡ್ತದ. ರಬ್ಬರ್ ಮುಟ್ಟಿತು ಅಂದ್ರ, ಇದು ನಮ್ಮ ಮನಿ ಅಲ್ಲ ಅಂತ ತಿಳದು ಅಲ್ಲೇ ಹೆಪ್ಪುಗಟ್ಟಿ ಕುಂದರ್ತದ. ಈ ಲೇಪ ಇದ್ರ ಅದಕ್ಕ ಪರಕೀಯ ಅನ್ನೋದು ಗೊತ್ತಾಗಂಗಿಲ್ಲ. ತನ್ನಷ್ಟಕ್ಕ ಮುಂದ ಹೋಗ್ತದ."

"ಅಂದ್ರ ರಕ್ತ ನಮ್ಮವ್ವ ಇದ್ದಂಗ! ಗುರುತಿಲ್ಲದವರು ಬಂದ್ರ ಅಕೀನೂ ಮುಂದಕ್ಕ ಬಿಡಂಗಿಲ್ಲ."

ಅವನು ನಕ್ಕುಬಿಟ್ಟ. "ಹಂಗಾದ್ರ ನಿಮ್ಮವ್ವನ ಮುಂದ ಬರುವಾಗ ನಾನೂ ಏನರ ಲೇಪ ಹಚ್ಕೊಂಡೇ ಬರಬೇಕಾಗ್ತದ!"

ಮಾತು ಬಾಯಿಂದ ಹೊರಟ ಮೇಲೆ ಅದರ ಅರ್ಥ ಇಬ್ಬರಿಗೂ ಹೊಳೆಯಿತು. ಅವನ ಕಿವಿಗಳು ಕೆಂಪಾದವು. ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು... ನಗು ಬಚ್ಚಿಟ್ಟುಕೊಳ್ಳಲು.

ಆ ನಳಿಕೆಗಳು ಐದು ಜನ ಬಾಣಂತಿಯರನ್ನು ಉಳಿಸಿದವು. ಡಬ್ಬಿಯೊಂದಿಗೆ ವೈಜಿನಾಥನೂ ಬರುತ್ತಿದ್ದ.

ಖಟಕ ಚಿಂಚೋಳಿಗೆ ಕೊಟ್ಟಿದ್ದ ಅಕ್ಕ ಸುಮಿತ್ರಾಬಾಯಿ ಎರಡನೆಯ ಸಲ ಬಸುರಿ. ಮೊದಲ ಕೂಸು ಉಳಿದಿರಲಿಲ್ಲ. ತಿಂಗಳಿಗೊಮ್ಮೆ ತೋರಿಸಲು ಬರುತ್ತಿದ್ದ ಅವಳ ಕಣ್ಣಿನಿಂದ ಏನೂ ತಪ್ಪುತ್ತಿರಲಿಲ್ಲ.

"ಅಲ್ಲಬೇ, ಈ ಮನುಷ್ಯ ನಳಿ ನೋಡ್ಲಾಕ ಬರ್ತಾನೋ, ನಳಿ ಹಿಡದಾಕಿನ್ನ ನೋಡ್ಲಾಕ ಬರ್ತಾನೋ?"

"ಅಕ್ಕಾ, ಸುಮ್ಮನಿರು! ಸತ್ಯಮ್ಮ ಕೇಳ್ತಾಳ."

"ಸತ್ಯಮ್ಮನೇ ನನಗ ಹೇಳ್ಯಾಳ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಂಗಿಯ ಗಲ್ಲ ಹಿಡಿದು ಮೆಲ್ಲಗೆ ಹೇಳಿದಳು. "ಹೊಲ ಇಲ್ಲದವಗ ಕೊಡಂಗಿಲ್ಲ ಅಂತಾಳ ಅವ್ವ. ನನ್ನ ಹೆರಿಗಿ ಒಂದು ಆಗಲಿ. ಕೂಸಿನ್ನ ಅವ್ವನ ತೊಡಿ ಮ್ಯಾಲ ಮಲಗಿಸಿ ನಾನೇ ಮಾತಾಡ್ತೇನಿ. ಆವಾಗ ಅಕಿ ಏನು ಕೇಳಿದ್ರೂ ಹೂಂ ಅಂತಾಳ."

ನವೆಂಬರ್ ಒಂದರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳ ಉರ್ದು ಫಲಕಗಳ ಪಕ್ಕದಲ್ಲಿ ಕನ್ನಡದ ಫಲಕಗಳು ಬಂದವು. ಡಿಸೆಂಬರಿನಲ್ಲಿ ಹೆರಿಗೆ ಮನೆಗೂ ಹೊಸ ಸರಕಾರದ ದೊಡ್ಡ ಅಧಿಕಾರಿಯೊಬ್ಬರು ಬರುವವರೆಂದು ಸುದ್ದಿ ಬಂತು.

"ಎಲ್ಲೂ ಒಂದು ಹೊಲಸಿನ ಕಲಿ ಕಾಣಬಾರದು," ಎಂದರು ರುಕ್ಮಿಣಿಬಾಯಿ. ಸುಂದರಬಾಯಿ ಎರಡು ದಿನ ಕೂತಲ್ಲಿ ಕೂಡಲಿಲ್ಲ. ಹಾಸಿಗೆ ಒಗೆಸಿದಳು, ಮಂಚ ತಿಕ್ಕಿಸಿದಳು. ದಿನದ ಬರೀ ಬಿಸಿ ನೀರು ಸಾಲದೆಂದು, ಹೈದರಾಬಾದಿನಲ್ಲಿ ಕಲಿತಂತೆ, ಆಸ್ಪತ್ರೆಯಲ್ಲಿದ್ದ ಪ್ರತಿಯೊಂದು ರಬ್ಬರ್ ನಳಿಕೆಯನ್ನೂ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ತೊಳೆದು, ಒಣಗಿಸಿ ಇಟ್ಟಳು. ಇನ್ನು ಕೆಲವು ದಿನಗಳಲ್ಲಿ ಅಕ್ಕನ ಹೆರಿಗೆ. ಅವಳ ಮಂಚದ ಸುತ್ತ ಎಲ್ಲವೂ ಚೊಕ್ಕಟವಾಗಿರಲಿ ಎಂಬ ಆಸೆಯೂ ಅದರಲ್ಲಿತ್ತು.

ಅಧಿಕಾರಿ ಬಂದರು, ನೋಡಿದರು. "ಬಹಳ ಶುಚಿಯಾಗಿ ಇಟ್ಟುಕೊಂಡಿದ್ದೀರಿ, ತುಂಬಾ ಸಂತೋಷವಾಯಿತು," ಎಂದು ಹೋದರು.

"ಏನಂದ್ರಿ ಅವರು?" ಸತ್ಯಮ್ಮ ಕೇಳಿದಳು. "ಕನ್ನಡಾನೇ ಹೌದೇನ್ರಿ ಅದು? ಸಕ್ರಿ ಹಾಕಿದಂಗ ಇತ್ತಲ್ಲ!"

ಎಲ್ಲರೂ ನಕ್ಕರು. ಮರುದಿನ ಸುಂದರಬಾಯಿ ಔರಾದದ ಬಸ್ಸು ಹತ್ತಿದಳು.

* * *

ಸುಮಿತ್ರಾಬಾಯಿಯನ್ನು ಖಟಕ ಚಿಂಚೋಳಿಯಲ್ಲಿ, ಗಂಡನ ಹೊಲದ ಬದುವಿನಲ್ಲಿ ಸಮಾಧಿ ಮಾಡಿದರು. ಶಿವಗಣಾರಾಧನೆ ಮುಗಿದ ಮೇಲೆ ಸುಭದ್ರಾಬಾಯಿ ತಾಯಿಯಿಲ್ಲದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಔರಾದಕ್ಕೆ ಬಂದಳು. ಸುಂದರಬಾಯಿ ಭಾಲ್ಕಿಗೆ ಮರಳಿದಳು.

ಮರಳಿದ ಮೊದಲ ಮಂಗಳವಾರವೇ ವೈಜಿನಾಥ ಬಂದ!

ಬೀದರಿನ ರೈಲಿನಿಂದ ಇಳಿದು, ನೇರವಾಗಿ ಹಿಂದಿನ ಪಡಸಾಲೆಗೆ ಹೋದ. ಡಬ್ಬಿಯಲ್ಲಿದ್ದ ನಳಿಕೆಗಳನ್ನು ತೆಗೆದು, ತಾನು ತಂದಿದ್ದ ಭಟ್ಟಿ ಇಳಿಸಿದ ನೀರಿನಲ್ಲಿ ಒಂದೊಂದಾಗಿ ತೊಳೆದ. ನೇತುಹಾಕಿ ಒಣಗಿಸಿದ. ಡಬ್ಬಿ ಮುಚ್ಚಿಟ್ಟು ಸಂಜೆಯ ರೈಲಿಗೆ ಹೊರಟ. ಯಾರೊಂದಿಗೂ ಮಾತಿಲ್ಲ.

ಮುಂದಿನ ಮಂಗಳವಾರವೂ ಹಾಗೆಯೇ. ಅದರ ಮುಂದಿನದೂ.

"ನಳಿ ತೊಳೀಲಾಕ ಬೀದರದಿಂದ ಮನುಷ್ಯ ಬರೋದು ಎಲ್ಯಾರ ನೋಡಿರೇನು?" ರುಕ್ಮಿಣಿಬಾಯಿಯವರೇ ಅಚ್ಚರಿಪಟ್ಟರು. ಎಲ್ಲದಕ್ಕೂ ಮಾತು ಸೇರಿಸುವ ಸತ್ಯಮ್ಮ ಮಾತ್ರ ಇದಕ್ಕೆ ಬಾಯಿ ಬಿಚ್ಚಲಿಲ್ಲ.

ಸುಂದರಬಾಯಿ ತಡೆಯಲಾರದೆ ಒಂದು ದಿನ ಪಡಸಾಲೆಗೆ ಹೋದಳು.

"ನಮ್ಮ ಕೈ ಮ್ಯಾಲ ಭರವಸಾ ಇಲ್ಲೇನು ನಿಮಗ?"

ಅವನು ನಳಿಕೆಯಿಂದ ಕಣ್ಣೆತ್ತಲಿಲ್ಲ. "ನನ್ನ ಕೆಲಸ ನಾ ಮಾಡ್ತೇನ್ರಿ ಬಾಯಿಯವರ."

"ಈ ಶಾಣ್ಯಾತನ ಆವತ್ತು ಎಲ್ಲಿಗೆ ಹೋಗಿತ್ತು?"

ಅವನ ಬೆರಳುಗಳು ಒಂದು ಗಳಿಗೆ ನಿಂತು, ಮತ್ತೆ ನಳಿಕೆ ತೊಳೆಯತೊಡಗಿದವು.

ಮಾಘ ಮಾಸದಲ್ಲಿ ಕೂಲಿಯ ಹೆಂಗಸೊಬ್ಬಳಿಗೆ ಅಕ್ಕನಿಗಾದಂತೆಯೇ ಆಯಿತು. ಅವಳ ಅಣ್ಣ ತೋಳು ಚಾಚಿದ. ನಳಿಕೆ ಹಿಡಿದಿದ್ದವಳು ಸುಂದರಬಾಯಿಯೇ. ರಕ್ತ ನಿಲ್ಲದೆ ಹರಿಯಿತು... ಇಪ್ಪತ್ತು ನಿಮಿಷ! ಒಂದು ಹನಿಯೂ ಹೆಪ್ಪುಗಟ್ಟಲಿಲ್ಲ. ಬಿಳುಚಿದ್ದ ತುಟಿಗಳಿಗೆ ಬಣ್ಣ ಬಂತು. ಆ ಹೆಂಗಸು ಕಣ್ಣು ಬಿಟ್ಟು ನೀರು ಕೇಳಿದಳು.

ಎಲ್ಲರೂ ಶಿವನನ್ನು ನೆನೆದರು. ಸುಂದರಬಾಯಿ ಹಿತ್ತಲಿಗೆ ಹೋಗಿ ಅತ್ತಳು.

'ಅದೇ ನಳಿ. ಅದೇ ಕೈ. ಹಂಗಾದ್ರ ನನ್ನ ಅಕ್ಕಗ ಯಾಕ ಆಗಲಿಲ್ಲ...? ಆವತ್ತು ಏನು ಮಾಡಿದ್ರಿ ವೈಜಿನಾಥ?'

ಮಂಗಳವಾರ ಬಂದಾಗ ಅದನ್ನೇ ಕೇಳಿದಳು.

ಅವನು ಕೈಯಲ್ಲಿದ್ದ ನಳಿಕೆಯನ್ನು ನೇತುಹಾಕಿದ. "ಆವತ್ತಿನ ಲೇಪ... ಸರಿ ಒಣಗಿರಲಿಲ್ರಿ. ನಾ ಗಡಿಬಿಡಿ ಮಾಡಿದ್ದೆ."

"ಗಡಿಬಿಡಿ!" ಎಂದಳು ಅವಳು. "ನಿಮ್ಮನ್ನ ನಾ ಎಷ್ಟು ನಂಬಿದ್ದೆ ಗೊತ್ತದೇನು? ಅಕ್ಕ ಎಷ್ಟು ನಂಬಿದ್ದಳು? ನಿಮ್ಮ ಗಡಿಬಿಡಿಗೆ ನಮ್ಮಕ್ಕನೇ ಬೇಕಾಗಿತ್ತೇನು?"

"ಬೈಯ್ರಿ," ಎಂದ ಅವನು ಮೆಲ್ಲಗೆ. "ಎಷ್ಟು ಬೇಕಾದ್ರೂ ಬೈಯ್ರಿ."

ಅವನನ್ನು ಬೈಯುವುದು ಅವಳಿಗೆ ಸುಲಭವಾಗಿತ್ತು. ಮರೆಯುವುದು ಆಗುತ್ತಿರಲಿಲ್ಲ. ಮಂಗಳವಾರ ರೈಲಿನ ಸದ್ದು ಕೇಳಿದರೆ ಎದೆ ಇನ್ನೂ ಹಾರುತ್ತಿತ್ತು. ಅಕ್ಕನ ಸಾವಿಗೆ ಕಾರಣನಾದವನಿಗಾಗಿ ಹಾರುವ ಈ ಎದೆಯ ಮೇಲೆ ಅವಳಿಗೆ ನಾಚಿಕೆಯಾಗುತ್ತಿತ್ತು.

* * *

ಯುಗಾದಿಗೆ ಅವಳು ಔರಾದಕ್ಕೆ ಹೋದಳು. ಹಬ್ಬ ಮಾಡುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೂಸಿಗೆ ಜ್ವರ ಬಂದಿತ್ತು. ಸುಂದರಬಾಯಿ ಅದನ್ನು ಎತ್ತಿಕೊಂಡು ಊರಿನ ದವಾಖಾನೆಗೆ ನಡೆದಳು.

ಕಂಪೌಂಡರ್ ರಶೀದ ಅಹ್ಮದ ಮುದುಕ, ಮಾತುಗಾರ. ಕೂಸಿನ ನಾಲಿಗೆ ನೋಡಿ, ಔಷಧ ಕಲಸುತ್ತ ಹೇಳಿದ. "ಏನೂ ಫಿಕರ್ ಮಾಡಬ್ಯಾಡವ್ವಾ. ಎರಡು ದಿನದಾಗ ಕಿಲಕಿಲ ನಗ್ತಾಳ. ಥೇಟ್ ನಿನ್ನಂಗೇ ಅದಾಳಲ್ಲ!"

"ನಮ್ಮಕ್ಕನಂಗ ಅದಾಳ್ರಿ ಚಾಚಾ," ಎಂದಳು ಅವಳು.

ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲೊಂದು ಕಾಗದ ಅಂಟಿಸಿತ್ತು. ಕೆಳಗಿನ ಹಲಗೆಯ ಮೇಲೆ ಪರಿಚಿತವಾದ ತಗಡಿನ ಡಬ್ಬಿ. ಕಾಗದದ ಮೇಲಿನ ಅಕ್ಷರವೂ ಪರಿಚಿತವೇ.

'ಲೇಪವುಳ್ಳ ನಳಿಕೆಗಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮಾತ್ರ ತೊಳೆಯಬೇಕು. ಸೋಡಾ ಹಾಕಿದ ನೀರಿನಲ್ಲಿ ಎಂದಿಗೂ ಕುದಿಸಕೂಡದು. ಕುದಿಸಿದರೆ ಒಳಗಿನ ಲೇಪ ಬಿಟ್ಟುಹೋಗಿ ರಕ್ತ ಹೆಪ್ಪುಗಟ್ಟುವುದು.'

ಕೆಳಗೆ ತಾರೀಖು. ಅಕ್ಕ ತೀರಿಕೊಂಡ ನಾಲ್ಕನೆಯ ದಿನ.

ಅವಳು ಮತ್ತೊಮ್ಮೆ ಓದಿದಳು. ಸೋಡಾ ಹಾಕಿದ ನೀರು...

ದೊಡ್ಡ ಪಾತ್ರೆ ಕಣ್ಣ ಮುಂದೆ ಬಂತು. ಕುದಿಯುವ ನೀರು, ಅದರಲ್ಲಿ ಸುತ್ತಿಕೊಂಡ ನಳಿಕೆಗಳು, ಚಿಮಟಿಗೆ ಹಿಡಿದ ತನ್ನ ಕೈ.

"ಚಾಚಾ... ಈ ಕಾಗದ..." ಅವಳು ಗೋಡೆಯತ್ತ ಬೆರಳು ತೋರಿಸಿದಳು.

"ವೈಜಿನಾಥ ತಂದು ಹಚ್ಚ್ಯಾನ. ಕಮಲನಗರಕ್ಕ ಕೊಟ್ಟಾನ, ಬೀದರದಾಗ ಎಲ್ಲಾ ಕಡೀ ಕೊಟ್ಟಾನ. ಭಾಲ್ಕಿಗೆ ಕೊಟ್ಟಿಯೇನಪ್ಪಾ ಅಂತ ನಾನೇ ಕೇಳಿದೆ. ಅಲ್ಲಿಗೆ ಬ್ಯಾಡ ಚಾಚಾ, ಅಲ್ಲಿ ನಾನೇ ಹೋಗಿ ತೊಳೀತೇನಿ ಅಂದ. ಹುಚ್ಚ! ಒಂದು ಕಾಗದದಾಗ ಆಗೋ ಕೆಲಸಕ್ಕ ವಾರಾ ವಾರಾ ರೈಲು ಹತ್ತತಾನ."

ಸುಂದರಬಾಯಿ ಕೂಸನ್ನು ಎದೆಗೆ ಅವಚಿಕೊಂಡು ಅಲ್ಲಿಯೇ ಬೆಂಚಿನ ಮೇಲೆ ಕುಳಿತುಬಿಟ್ಟಳು.

'ನಾನು... ನನ್ನ ಕೈ! ಅವರಿಗೆ ಗೊತ್ತಿತ್ತು. ಆವತ್ತು ನಮ್ಮ ಬಾಗಿಲಾಗ ನಿಂತಾಗಲೇ ಗೊತ್ತಿತ್ತು. ನಾ ಈ ಕಾಗದ ಓದಬಾರದು ಅಂತ... ಅದಕ್ಕ ಬರ್ತಿದ್ರು!'

ಮನೆಗೆ ಹೇಗೆ ಬಂದಳೋ ತಿಳಿಯದು. ತಾಯಿಯ ಮಡಿಲಲ್ಲಿ ಕೂಸನ್ನು ಇಟ್ಟು, ಅವಳ ಕಾಲ ಬಳಿ ಕುಳಿತಳು.

"ಅವ್ವಾ, ಅಕ್ಕನ್ನ ಕಳಕೊಂಡದ್ದು ವೈಜಿನಾಥನಿಂದ ಅಲ್ಲ. ನನ್ನಿಂದ."

ಎಲ್ಲವನ್ನೂ ಹೇಳಿದಳು. ಅಧಿಕಾರಿ ಬರುವ ಸುದ್ದಿ, ಸೋಡಾ, ಕಾಗದ, ಮಂಗಳವಾರಗಳು. ಒಂದನ್ನೂ ಬಿಡಲಿಲ್ಲ. ಸುಭದ್ರಾಬಾಯಿ ಕೂಸಿನ ಬೆನ್ನು ತಟ್ಟುತ್ತಲೇ ಕೇಳಿದಳು. ಕಣ್ಣೀರು ಸುರಿಯುತ್ತಿತ್ತು, ಕೈ ನಿಲ್ಲಲಿಲ್ಲ.

ಕೊನೆಗೆ ಅವಳು ಕೇಳಿದ್ದು ಒಂದೇ ಮಾತು. "ಕುದಿಸುವಾಗ ಯಾರನ್ನ ನೆನಸಿದ್ದಿ?"

"ಅಕ್ಕನ್ನೇ, ಅವ್ವಾ. ಅಕಿಗೆ ಹೊಲಸು ತಾಕಬಾರದು ಅಂತ..."

"ಹಂಗಾದ್ರ ಅಷ್ಟು ಶಿವಗ ಗೊತ್ತದ." ಸುಭದ್ರಾಬಾಯಿ ಮಗಳ ತಲೆಯನ್ನು ತನ್ನ ಮೊಣಕಾಲಿಗೆ ಒತ್ತಿಕೊಂಡಳು. "ನಿನ್ನನ್ನ ನಾ ಬಿಟ್ಟುಕೊಟ್ಟರ ನನಗ ಇಬ್ಬರೂ ಹೋದಂಗ ಆಗ್ತದ. ಅಳು. ಅತ್ತು ಮುಗಿಸು."

ಸ್ವಲ್ಪ ಹೊತ್ತಿನ ಮೇಲೆ ಆ ಮುದುಕಿ ಮತ್ತೆ ಹೇಳಿದಳು. "ಈ ಬಾಗಿಲಾಗ ನಿಂದ್ರಿಸಿ ಆ ಮಗನಿಗೆ ಶಾಪ ಹಾಕೇನಿ ನಾನು. ನಿನ್ನ ಹೆಸರಿಗೆ ಬರೋದನ್ನ ಅಂವ ತನ್ನ ತಲಿ ಮ್ಯಾಲ ತಗೊಂಡ. ನೀ ಮೊದಲು ಹೋಗಿ ಅಂವಗ ಹೇಳು, ಅವ್ವ ತನ್ನ ಮಾತು ವಾಪಸ್ ತಗೊಂಡಾಳ ಅಂತ."

* * *

ಮಂಗಳವಾರ ವೈಜಿನಾಥ ಭಾಲ್ಕಿಯ ಪಡಸಾಲೆಗೆ ಬಂದಾಗ ಅವನು ಮಾಡಬೇಕಾದ ಕೆಲಸ ಉಳಿದಿರಲಿಲ್ಲ.

ನಳಿಕೆಗಳನ್ನೆಲ್ಲ ತೊಳೆದು ಸಾಲಾಗಿ ನೇತುಹಾಕಿತ್ತು. ಕೆಳಗೆ ಭಟ್ಟಿ ಇಳಿಸಿದ ನೀರಿನ ಖಾಲಿ ಸೀಸೆ. ಪಕ್ಕದಲ್ಲಿ ಸುಂದರಬಾಯಿ ನಿಂತಿದ್ದಳು.

ಅವನ ಮುಖದ ಬಣ್ಣ ಹೋಯಿತು. "ಯಾರು ಹೇಳಿದ್ರು...? ಸತ್ಯಮ್ಮ?"

"ಸತ್ಯಮ್ಮಗೂ ಗೊತ್ತದೇನು?"

"ಆವತ್ತು ನಳಿ ಸೀಳಿ ನೋಡಿದೆ. ಒಳಗಿನ ನುಣುಪು ಪೂರಾ ಹೋಗಿತ್ತು. ಹ್ಯಾಂಗ ತೊಳದೀರಿ ಅಂತ ಅಕಿನ್ನ ಕೇಳಿದೆ. ಬಾಯಿಯವರು ಸೋಡಾದಾಗ ಕುದಿಸ್ಯಾರ ಅಂದಳು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡೆ."

"ಔರಾದದಾಗ ಕಾಗದ ಓದಿದೆ," ಎಂದಳು ಅವಳು.

ಅವನು ಕಂಬಕ್ಕೆ ಒರಗಿದ. "ನಾ ಮೊದಲೇ ನಿಮಗ ಹೇಳಬೇಕಾಗಿತ್ತು. ಬಿಸಿ ನೀರಿಗೆ ಲೇಪ ತಡೀತದ ಅನ್ನೋದು ನೋಡಿದ್ದೆ. ಸೋಡಾದಾಗ ಹಾಕಿ ನೋಡೇ ಇರಲಿಲ್ಲ. ನೋಡದ ಬಿಟ್ಟಾವ ನಾನು. ತಪ್ಪು ನಂದು ಅಂದದ್ದು ಪೂರಾ ಸುಳ್ಳಲ್ರಿ."

"ಒಣಗಿರಲಿಲ್ಲ ಅಂದದ್ದು?"

"ಅದು ಸುಳ್ಳು."

"ಯಾಕ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾಲ್ಕು ತಿಂಗಳು ನಿಮ್ಮನ್ನ ದ್ವೇಷ ಮಾಡಿಸಿದ್ರಿ ನನ್ನ ಕಡಿಂದ! ಬಾಯಿಗೆ ಬಂದದ್ದು ಅಂದೆ. ಸುಮ್ಮನ ಕೇಳಿಕೊಂಡು ನಿಂತ್ರಿ. ನನ್ನ ತಪ್ಪು ನನಗ ಕೊಡಲಾರದ ಇಟ್ಕೊಳ್ಳಾಕ ನೀವ್ಯಾರು?"

ಅವನು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ.

"ನನ್ನ ಮ್ಯಾಲ ಸಿಟ್ಟಿದ್ರ ನೀವು ಬದುಕ್ತೀರಿ ಅಂತ ಗೊತ್ತಿತ್ತು, ಸುಂದರಾ. ನಿಮ್ಮ ಮ್ಯಾಲ ನಿಮಗೇ ಸಿಟ್ಟು ಬಂದ್ರ...? ಅದು ನನ್ನ ಕಡಿಂದ ನೋಡ್ಲಿಕ್ಕೆ ಆಗ್ತಿರಲಿಲ್ಲ."

ಸುಂದರಾ! ಹೆಸರು ಹಿಡಿದು ಅವನು ಹಾಗೆ ಕರೆದದ್ದು ಇದೇ ಮೊದಲು. ಅವಳು ಕಂಬದ ಆಚೆ ಬದಿಗೆ ಕುಳಿತು ಅತ್ತಳು. ಅವನೂ ಕುಳಿತ.

ಬಾಗಿಲ ಸಂದಿಯಿಂದ ಸತ್ಯಮ್ಮ ಇಣುಕಿದಳು. "ಆಣಿ ನಾ ಮುರದಿಲ್ಲ ನೋಡ್ರಿ! ನಾಲ್ಕು ತಿಂಗಳು ಬಾಯಿ ಹೊಲಕೊಂಡು ನನಗ ಹೊಟ್ಟಿನೋವೇ ಬಂದಿತ್ತು!"

ಅಳುವಿನ ನಡುವೆಯೇ ಸುಂದರಬಾಯಿಗೆ ನಗು ಬಂತು. ಕಣ್ಣೊರೆಸಿಕೊಂಡು ಎದ್ದಳು.

"ಅವ್ವ ತನ್ನ ಶಾಪ ವಾಪಸ್ ತಗೊಂಡಾಳ. ಅದನ್ನ ಹೇಳ್ಲಾಕ ಕಳಿಸ್ಯಾಳ. ಇನ್ನೊಬ್ಬರಿಗೆ ಮಾತ್ರ ಹೇಳೋದು ಉಳದದ. ಭಾವಗ."

"ಅವರಿಗೆ ಯಾಕ್ರಿ ಈಗ...?" ವೈಜಿನಾಥ ಗಾಬರಿಯಾದ. "ಅವರು ನಿಮ್ಮನ್ನ ಮಾಫ್ ಮಾಡದೇ ಹೋದ್ರ?"

"ಮಾಡದಿದ್ರೂ ಹೇಳಬೇಕು. ನೀವೂ ಬರ್ರಿ."

* * *

ಖಟಕ ಚಿಂಚೋಳಿಯಲ್ಲಿ ಹಾವಗೆಪ್ಪ ಹೊಲದಲ್ಲಿದ್ದ. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾದವನಂತೆ ಕಂಡ. ವೈಜಿನಾಥನನ್ನು ಕಂಡು ಹುಬ್ಬು ಗಂಟಿಕ್ಕಿದ. ಬಾ ಎನ್ನಲಿಲ್ಲ.

ಸುಂದರಬಾಯಿ ನಿಂತೇ ಹೇಳಿದಳು. ಎಲ್ಲವನ್ನೂ.

ಹಾವಗೆಪ್ಪ ತೋಳಿನ ಅಂಗಿ ಮೇಲೆತ್ತಿ, ಸೂಜಿ ಚುಚ್ಚಿದ್ದ ಜಾಗವನ್ನು ನೋಡಿಕೊಂಡ.

"ಆವತ್ತು ಇಲ್ಲಿಂದ ಹೊಂಟ ರಕ್ತ ಅಕಿನ್ನ ಮುಟ್ಟಲಾರದ ಅರ್ಧ ದಾರಿದಾಗ ನಿಂತಿತು. ಮೂರು ಸರ್ತಿ ನಿಂತಿತು. ನನ್ನ ರಕ್ತದಾಗೇ ಪಾಪ ಅದ, ಅದಕ್ಕ ಶಿವ ಅದನ್ನ ಅಕಿಗೆ ಮುಟ್ಟಗೊಡಲಿಲ್ಲ ಅಂತ ತಿಳಕೊಂಡಿದ್ದೆ." ಅವನು ಅಂಗಿಯ ತೋಳು ಕೆಳಗಿಳಿಸಿದ. "ಕೂಸಿನ್ನ ನೋಡ್ಲಾಕ ಔರಾದಕ್ಕ ಯಾಕ ಬರಲಿಲ್ಲ ಅಂತ ತಿಳದೀ ನೀನು? ಈ ಕೈಲೆ ಎತ್ಕೊಂಡ್ರ ಅದಕ್ಕೂ ಏನರ ಆಗ್ತದ ಅಂತ ಅಂಜಿಕಿ ಇತ್ತವ್ವಾ ನನಗ."

ವೈಜಿನಾಥ ಕಲ್ಲಿನಂತೆ ನಿಂತ. ಒಬ್ಬಳನ್ನು ಉಳಿಸಲೆಂದು ಮುಚ್ಚಿಟ್ಟ ಮಾತು ಇನ್ನೊಬ್ಬನನ್ನು ಹೀಗೆ ಸುಡುತ್ತಿದ್ದುದು ಅವನಿಗೆ ತಿಳಿದಿರಲಿಲ್ಲ.

"ಭಾವಾ, ನಿಮ್ಮ ರಕ್ತದಾಗ ಏನೂ ಇಲ್ಲ," ಸುಂದರಬಾಯಿ ಕೈಮುಗಿದಳು. "ನಾನೇ..."

"ಸಾಕು." ಹಾವಗೆಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. "ನಿಮ್ಮಕ್ಕ ನಿನ್ನ ಮ್ಯಾಲ ಒಂದು ದಿನಾನೂ ಸಿಟ್ಟಾಗಿದ್ದು ನಾ ನೋಡಿಲ್ಲ. ಈಗ ನಾ ಸಿಟ್ಟಾದ್ರ ಅಕಿ ನನ್ನ ಬಿಡತಾಳೇನು?" ವೈಜಿನಾಥನ ಕಡೆ ತಿರುಗಿದ. "ನಿನ್ನ ಮ್ಯಾಲ ಮಾತ್ರ ಸಿಟ್ಟದ ನನಗ. ಇನ್ನೊಮ್ಮೆ ಹಿಂಗ ಬಾಯಿ ಮುಚ್ಚಿಕೊಂಡು ಕುಂತಿ ಅಂದ್ರ ನೋಡು! ಹೋಗ್ರಿ, ಅಕಿಗೆ ಕೈಮುಗಿದು ಬರ್ರಿ. ನಾ ನಾಳಿ ಬಸ್ಸಿಗೇ ಔರಾದಕ್ಕ ಹೋಗ್ತೇನಿ. ಮಗಳನ್ನ ಎತ್ಕೋಬೇಕು."

ಬದುವಿನ ಸಮಾಧಿಯ ಮೇಲೆ ಎಳೆಯ ಹುಲ್ಲು ಬಂದಿತ್ತು. ಸುಂದರಬಾಯಿ ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿದಳು. ಬಿಸಿಲು ಇಳಿಯುತ್ತಿತ್ತು. ಗಾಳಿಯಲ್ಲಿ ಬೇವಿನ ಹೂವಿನ ವಾಸನೆ.

"ನಾಳಿಯಿಂದ ಎಲ್ಲಾ ದವಾಖಾನಿಗೂ ನಾನೇ ಹೋಗಿ ನಳಿ ತೊಳೆಯೋದು ಕಲಿಸ್ತೇನಿ," ಎಂದಳು. "ಕಾಗದ ಹರಿದು ಹೋಗ್ತದ. ಯಾಕ ಕುದಿಸಬಾರದು ಅಂತ ಕೇಳಿದ್ರ, ನನ್ನ ಕೈಲೆ ಏನಾಯ್ತು ಅನ್ನೋದನ್ನೇ ಹೇಳ್ತೇನಿ."

"ನಿಮಗ ಅದು ಕಠಿಣ ಆಗ್ತದ."

"ಆಗ್ತದ. ನೀವು ಜೋಡಿ ಇರ್ರಿ."

ವೈಜಿನಾಥ ಅವಳ ಪಕ್ಕಕ್ಕೆ ಬಂದು ನಿಂತ. "ಎಷ್ಟು ದಿನ ಜೋಡಿ ಇರಲಿ, ಸುಂದರಾ?"

ಅವಳು ಸಮಾಧಿಯ ಕಡೆ ಕೈ ತೋರಿಸಿದಳು.

"ನನ್ನಿಂದ ಏನೂ ಮುಚ್ಚಿಡಂಗಿಲ್ಲ ಅಂತ ಇಲ್ಲೇ, ಅಕ್ಕನ ಮುಂದ ಮಾತು ಕೊಡ್ರಿ. ಎಷ್ಟೇ ಕೆಟ್ಟ ಸುದ್ದಿ ಇದ್ರೂ. ಆಮ್ಯಾಲ ಹೇಳ್ತೇನಿ."

"ಕೊಟ್ಟೆ."

"ಹಂಗಾದ್ರ..." ಅವಳ ದನಿ ಮೆತ್ತಗಾಯಿತು. "ಜನ್ಮ ಪೂರ್ತಿ ಇರ್ರಿ."

ಅವನು ಕೈ ಚಾಚಿದ. ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಸಮಾಧಿಯ ಕಡೆಗೆ ತಿರುಗಿ ಕಣ್ಣುಮುಚ್ಚಿದರು.

ಶಿವನೇ, ತಂದೆಯೇ... ಹೆತ್ತ ಕೂಸಿನ ಮುಖವನ್ನು ಕಣ್ತುಂಬ ನೋಡದೆ ಹೋದವಳು ಇವಳು. ಪ್ರೀತಿಯಿಂದ ಆದ ತಪ್ಪನ್ನು ನೀನು ಬಲ್ಲೆ, ಅದನ್ನು ನಮ್ಮ ಮೇಲಿರಿಸು, ಅವಳ ದಾರಿಗೆ ಅಡ್ಡ ಬರಗೊಡಬೇಡ. ಅವಳ ನೋವೆಲ್ಲ ಈ ಮಣ್ಣಿನಲ್ಲೇ ಉಳಿಯಲಿ. ನಮ್ಮ ಸುಮಿತ್ರಾಬಾಯಿಯನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ, ಶಾಂತಿ ಕೊಡು.